ಯಂತ್ರ ಓದಿ ಹೇಳಿದ್ರ ಕಾಪಿ ಹೊಡದಂಗಲ್ರೀ

ಮೊನ್ನೆ ಶುಕ್ರವಾರ ಅರಿಷಿಣ-ಕುಂಕುಮಕ್ಕ ಹೋದಾಗ ಮಾತಿಗೆ ಮಾತು ಬಂದು, ನನ್ನ ತಂಗಿ ಮಗಳಿಗೆ ಹೊಸಾ ಲ್ಯಾಪ್‌ಟಾಪ್ ತೊಗೊಂಡ್ವಿ ಅಂತ ಹೇಳಿದೆ. ಹೇಳಿದ್ದ ತಪ್ಪಾತು. "ಒಂಬತ್ತನೇ ಕ್ಲಾಸಿನ ಹುಡುಗಿಗೆ ಅಷ್ಟ ರೊಕ್ಕ ಯಾಕ? ಅಣ್ಣಂದು ಹಳೇದಿತ್ತಲ್ಲಾ" ಅಂದ್ರು ಒಬ್ಬ ವೈನಿ. ಅದು ಪಾಠ ಓದಿ ಹೇಳ್ತದ ಅಂದೆ. "ಹಂಗಂದ್ರ ಕಾಪಿ ಹೊಡದಂಗ ಆತಲ್ಲವಾ, ಆಕಿ ಏನ ಕಲ್ತಂಗಾತು?" ಅಂದ್ರು ಇನ್ನೊಬ್ರು. ಕೈಯಾಗ ಉಸುಳಿ ಪ್ಲೇಟ ಇತ್ತು, ಸುಮ್ಮನ ಬಂದೆ. ನಂಗ ಯಾವಾಗ್ಲೂ ಹಿಂಗ, ಉತ್ತರ ಹೊಳಿಯೋದು ಮನೀಗೆ ಬಂದು ಚಪ್ಪಲಿ ಬಿಚ್ಚಿದ ಮ್ಯಾಲ.

ಆ ಹುಡುಗಿಗೆ ಡಿಸ್ಲೆಕ್ಸಿಯಾ ಅದ. ಕಣ್ಣಿನ ದೋಷ ಅಲ್ಲ, ಬುದ್ಧಿ ಕಡಿಮಿ ಅಂತೂ ಅಲ್ಲವೇ ಅಲ್ಲ. ಅಕ್ಷರ ನೋಡಿದ ಕೂಡಲೇ ನಮಗ ಅದರ ಧ್ವನಿ ಹೊಳೀತದಲ್ಲ, ಆಕಿಗೆ ಅದು ಹೊಳೀಲಿಕ್ಕೆ ಭಾಳ ಹೊತ್ತು ಹಿಡಿತದ. ಒತ್ತಕ್ಷರ ಬಂದ್ರಂತೂ ಅಲ್ಲೇ ನಿಂತು ಬಿಡ್ತಾಳ. ಅದ ಪಾಠ ಬಾಯಿಲೆ ಹೇಳ್ರಿ, ಮರುದಿನ ತಿರುಗಿಸಿ ಹೇಳ್ತಾಳ. 2007ರಾಗ 'ತಾರೇ ಜಮೀನ್ ಪರ್' ಬಂದಾಗ ಸೆರಗಿಲೆ ಕಣ್ಣ ಒರಿಸ್ಕೊಂಡವರು ನಾವೇ. ನಮ್ಮ ಮನ್ಯಾಗ ಅಂಥಾ ಕೂಸು ಬಂದಾಗ ಮಾತ್ರ ಆಲಸಿ ಅಂದ್ವಿ, ದೃಷ್ಟಿ ತಗದ್ವಿ. ಸೂಟಿಯೊಳಗ ನಮ್ಮನೀಗೆ ಬಂದಾಗ ತಪ್ಪಾದ ಒಂದೊಂದ ಶಬ್ದಾನೂ ಐವತ್ತೈವತ್ತ ಸಲ ಬರೆಸಿದಾಕಿ ನಾನು. ಆಕಿ ಬಟ್ಟು ಕೆಂಪಗಾಗಿದ್ದು ಇನ್ನೂ ನೆನಪದ. ಕಡೀಕೆ ಪರೀಕ್ಷಾ ಮಾಡಿಸಿ, ಡಾಕ್ಟರು ಬರೆದು ಕೊಟ್ಟ ಮ್ಯಾಲ ನಮ್ಮ ಬಾಯಿ ಬಂದಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೊಳಗ 21 ನಮೂನಿ ಹೆಸರಿಸ್ಯಾರ, ಅದರಾಗ ಈ ಕಲಿಕಾ ತೊಂದ್ರಿನೂ ಒಂದು.

ಈಗ ಅಣ್ಣನ ಹಳೇದರ ಮಾತು. ಅದನ್ನ ಮೊದಲು ಕೊಟ್ಟು ನೋಡಿದ್ವಿ. ಅಂವ ಆಟಕ್ಕಂತ ಕೊಡಿಸ್ಕೊಂಡಿದ್ದು, ಎತ್ತಿದ್ರ ರುಬ್ಬೋ ಕಲ್ಲು. ಬ್ಯಾಟರಿ ಮುಕ್ಕಾಲು ತಾಸು. ಸಾಲಿಯೊಳಗ ಬೆಂಚಿನ ಬುಡಕ ಪ್ಲಗ್ ಎಲ್ಲಿರ್ತದ್ರೀ? ಮೈಕು ಕೆಟ್ಟಿತ್ತು, ಎರಡು ಗುಂಡಿ ಒತ್ತಿದ್ರ ಒತ್ತತಿದ್ದಿಲ್ಲ, ಫ್ಯಾನು ಗಿರಣಿ ಹಂಗ ಸಪ್ಪಳಾ ಮಾಡ್ತಿತ್ತು. "ಕಂಪ್ಯೂಟರ್ ಛೊಲೊ ಅದ, ಇವೆಲ್ಲಾ ಸಣ್ಣ ಪುಟ್ಟದ್ದು" ಅಂದ ಅಂವ. ಅವಂಗ ಸಣ್ಣದು. ಆಕಿ ಕಿವಿಲೆ ಓದಾಕಿ, ಬಾಯಿಲೆ ಬರಿಯಾಕಿ. ಮೈಕು, ಇಯರ್‌ಫೋನು, ಗುಂಡಿ, ಬ್ಯಾಟರಿ ಕೆಟ್ಟಾವ ಅಂದ್ರ ಆಕಿ ಪಾಟಿ-ಪುಸ್ತಕನ ಇಲ್ಲಧಂಗ. ಎರಡು ವಾರದಾಗ ಮತ್ತ "ನಾನು ದಡ್ಡಿ" ಅನ್ನಲಿಕ್ಕೆ ಸುರು ಮಾಡಿದ್ಲು.

ಅಂಗಡಿಗೆ ನಾನೂ ಹೋಗಿದ್ದೆ. ಅಂಗಡಿಯಾಂವ ಹುಡುಗಿ ಮಾರಿನೂ ನೋಡಲಿಲ್ಲ, ನನ್ನ ಮೈದುನಗ ಗ್ರಾಫಿಕ್ಸು, ಪ್ರೊಸೆಸರ್ರು ಅಂತ ಪುರಾಣ ಹಚ್ಚಿದ. ನಾನಂದೆ, ತಮ್ಮಾ, ಆಕಿ ಕೈಯಾಗ ಕೊಡು, ಒಂದು ಪಾಠ ತಗೀತಾಳ. ಎನ್‌ಸಿಇಆರ್‌ಟಿ ಪುಸ್ತಕ ನೆಟ್ಟಿನಾಗ ಪುಕ್ಕಟೆ ಸಿಗ್ತಾವ. ಎಡ್ಜ್ ಒಳಗ ವಿಜ್ಞಾನದ ಪಾಠ ತಗದು, ಗಟ್ಟಿಯಾಗಿ ಓದೋ ಗುಂಡಿ ಒತ್ತಿ, ಇಯರ್‌ಫೋನ್ ಹಾಕ್ಕೊಂಡ್ಲು. ಓದಿದ ಶಬ್ದಕ್ಕ ಬಣ್ಣ ಬರ್ತದ, ಕಣ್ಣು ಕಿವಿ ಕೂಡೇ ನಡೀತಾವ. ಆಮ್ಯಾಲ ವೈಫೈ ತಗಿಸಿ ಇನ್ನೊಮ್ಮೆ ನೋಡಿದ್ವಿ. ಯಾಕಂದ್ರ ಪರೀಕ್ಷಾದಾಗ ನೆಟ್ ಇರೂದಿಲ್ಲ. ಇಂಗ್ಲಿಷಿಗೆ ಮಷಿನ್ನಿನ ಒಳಗಿನ ಧ್ವನಿ ನಡೀತು, ಕನ್ನಡದ ಆ ಛೊಲೊ ಧ್ವನಿಗೆ ನೆಟ್ ಬೇಕು. ಎಂಟು ಜಿಬಿ ರ‍್ಯಾಮು, ಎಸ್‌ಎಸ್‌ಡಿ, ಒಂದೂವರಿ ಕಿಲೋದ ಒಳಗಿನ ತೂಕ, ಇಷ್ಟ ಸಾಕಾತು. ಅಂಗಡಿಯಾಂವ ಹೇಳಿದ್ದಕ್ಕಿಂತ ಕಡಿಮಿ ರೊಕ್ಕದಾಗ ಮುಗೀತು, ಅದನ್ನೂ ಆ ವೈನಿಗೆ ಹೇಳ್ರಿ.

ಕನ್ನಡದ್ದ ಒಂದು ಪೀಡಾ ಅದ. ಟೀಚರು ಹಳೇ ನುಡಿ ಫಾಂಟಿನಾಗ ಮಾಡಿದ ನೋಟ್ಸ್ ಕಳಿಸಿದ್ರ ಯಂತ್ರ ಏನೇನೋ ಒದರ್ತದ. ಯೂನಿಕೋಡಿನಾಗ ಇದ್ರನ ಸರಿ ಓದ್ತದ. ವಾಟ್ಸಾಪಿನಾಗ ವಹಿಯ ಫೋಟೋ ಹೊಡದು ಕಳಿಸಿದ್ರಂತೂ ಅದಕ್ಕ ಅದು ಬರೇ ಚಿತ್ರ. ನಮ್ಮ ಓಣಿಯೊಳಗ ಟೀಚರ ಇದ್ದವರು ದಯಮಾಡಿ ಇದೊಂದು ಲಕ್ಷ್ಯ ಕೊಡ್ರಿ.

ಇನ್ನ ಆ ಕಾಪಿ ಮಾತು. ನಮ್ಮಜ್ಜಿಗೆ ಹೆಬ್ಬೆಟ್ಟು ಒತ್ತೋದಷ್ಟ ಬರ್ತಿತ್ತು. ಗುಡಿಯೊಳಗ ಗದುಗಿನ ಭಾರತ ಒಬ್ರು ಹಾಡವರು, ಇನ್ನೊಬ್ರು ಅರ್ಥ ಹೇಳವರು, ಆಕಿ ಬತ್ತಿ ಹೊಸಕೋತ ಕೇಳಾಕಿ. ಕರ್ಣ ಯಾಕ ಸತ್ತ ಅಂತ ಕೇಳಿದ್ರ ಓದಿದವರಿಗಿಂತ ಛೊಲೊ ಹೇಳ್ತಿದ್ಲು. ಆಕಿ ಕಾಪಿ ಹೊಡದ್ಲು ಅಂತ ಯಾರರೆ ಅಂದ್ರೇನು? ಕಿವಿಲೆ ಬಂದದ್ದೂ ವಿದ್ಯಾನ. ತಲಿ ಓಡಿಸಿ ಉತ್ತರಾ ಬರಿಯಾಕಿ ಹುಡುಗಿನ, ಯಂತ್ರ ಅಲ್ಲ.

ಸಿಬಿಎಸ್‌ಇ ಬೋರ್ಡ್ ಸೈತ ಇಂಥಾ ಮಕ್ಕಳಿಗೆ ತಾಸಿಗೆ 20 ನಿಮಿಷ ಹೆಚ್ಚಿಗಿ ಕೊಡ್ತದ. ಮೊದಲ ಪರವಾನಗಿ ತೊಗೊಂಡ್ರ ತಮ್ಮ ಕಂಪ್ಯೂಟರ್ ಖಾಲಿ ಮಾಡ್ಕೊಂಡು ಒಯ್ದು ಉತ್ತರ ಟೈಪ್ ಮಾಡಬಹುದು, ಪ್ರಶ್ನೆ ಕೇಳಿಸ್ಕೋಬಹುದು. ಬೋರ್ಡಿನವರೇ ಒಪ್ಪಿದ್ದನ್ನ ನಾವು ಪಡಸಾಲ್ಯಾಗ ಕೂತು ಕಾಪಿ ಅಂತೀವಿ. ಅದಕ್ಕ ಸರ್ಟಿಫಿಕೇಟು ಬೇಕು, ಸಾಲಿಯವರ ಮುಖಾಂತರ ಅರ್ಜಿ ಹೋಗಬೇಕು, ಹತ್ತನೇತ್ತಾದ ಫೆಬ್ರುವರಿಯೊಳಗ ಓಡಾಡಿದ್ರ ಆಗೂದಿಲ್ಲ. ತಂಗಿ ಈಗಿನಿಂದನ ಹಿಂದ ಬಿದ್ದಾಳ.

ಯಂತ್ರ ಬಂತಂತ ಓದು ಕಲಿಸೋದು ಬಿಟ್ಟಿಲ್ಲ ಮತ್ತ. ವಾರಕ್ಕ ಮೂರು ದಿನ ಒಬ್ಬ ಅಕ್ಕೋರ ಕಡೆ ಅಕ್ಷರ-ಧ್ವನಿ ಕೂಡಿಸೋದು ಕಲೀಲಿಕ್ಕೆ ಹೋಗ್ತಾಳ. ಅದು ನಿಧಾನದ ಕೆಲಸ. ಅದು ಮುಗಿಯೂ ತನಕ ಇತಿಹಾಸ, ವಿಜ್ಞಾನ ಎಲ್ಲಾ ಕಾಯ್ಕೋತ ಕೂಡಬೇಕೇನು?

ಬರೋ ತಿಂಗಳು ಸೂಟಿಗೆ ನಮ್ಮನೀಗೆ ಬರ್ತಾಳ. ಪಡಸಾಲ್ಯಾಗ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕೂತಿದ್ರ, "ಬರೇ ಹಾಡು ಕೇಳ್ತಾಳ ನೋಡು" ಅಂತ ಹೊಸ್ತಲಾ ದಾಟೋ ಮೊದಲ ಅನಬ್ಯಾಡ್ರಿ. ಏನ ಕೇಳ್ಲಿಕತ್ತೀ ಅಂತ ಆಕಿನ್ನ ಕೇಳ್ರಿ, ಹೇಳ್ತಾಳ.