ಮರಳು ಸೋಸುವ ಮೀನು ಪೊರಕೆಯಲ್ಲ

ದೊಡ್ಡ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ, ಹವಳ ಬೆಳೆಸಿ, ಕಡಲತಳವನ್ನೇ ಮನೆಯೊಳಗೆ ನಿರ್ಮಿಸುವ ಹವ್ಯಾಸವೊಂದಿದೆ. ಅಂಥ ತೊಟ್ಟಿಯ ಮರಳಿನ ಮೇಲೆ ಕಂದು ಪೊರೆ ಕಟ್ಟಿದೊಡನೆ ಸಿಗುವ ಸಲಹೆ ಒಂದೇ: ‘ಒಂದು ಗೋಬಿ ಮೀನು ತಂದುಬಿಡಿ, ಅದೇ ಗುಡಿಸಿಕೊಳ್ಳುತ್ತದೆ.’ ಕಡಲಿನ ಈ ಸಂಗತಿ ಗುಡ್ಡಗಾಡಿನ ನಮಗೇಕೆ ಎಂದು ಓದುಗರು ಕೇಳಬಹುದು. ನಮಗೂ ಅದಕ್ಕೂ ಸಂಬಂಧವಿದೆ; ಮೊದಲು ಮೀನಿನ ಕಥೆ ಕೇಳೋಣ.

ವ್ಯಾಲೆನ್ಸಿಯೆನ್ನಿಯ ಕುಲದ ಈ ಗೋಬಿಗಳು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರದ ಹವಳದಿಬ್ಬಗಳ ಅಂಚಿನ ಮರಳಿನಲ್ಲಿ ಬದುಕುತ್ತವೆ. ಕಿತ್ತಳೆ ಚುಕ್ಕೆಗಳ ‘ಡೈಮಂಡ್ ಗೋಬಿ’, ಹಳದಿ ತಲೆಯ ಗೋಬಿ ಇವುಗಳಲ್ಲಿ ಪ್ರಸಿದ್ಧ. ಬಾಯಿತುಂಬ ಮರಳು ಮೊಗೆದು, ಅದರೊಳಗಿನ ಸಣ್ಣ ಹುಳು ಮತ್ತು ಸೀಗಡಿ ಬಳಗದ ಸೂಕ್ಷ್ಮಜೀವಿಗಳನ್ನು ಉಳಿಸಿಕೊಂಡು, ಮರಳನ್ನು ಕಿವಿರುಗಳಿಂದ ಹೊರಗೆ ಉದುರಿಸುತ್ತವೆ. ಮೊರದಲ್ಲಿ ಅಕ್ಕಿ ಕೇರಿದಂತೆಯೇ ಈ ಕೆಲಸ.

ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಮೀನು ಮರಳನ್ನು ಗುಡಿಸುತ್ತಿಲ್ಲ, ಊಟ ಹುಡುಕುತ್ತಿದೆ. ಕಡಲಿನಲ್ಲಿ ಒಂದು ಜಾಗ ಬರಿದಾದರೆ ಇನ್ನೊಂದುಂಟು. ತೊಟ್ಟಿಯಲ್ಲಿ ಇರುವುದು ಬೊಗಸೆಯಷ್ಟು ಜಾಗ. ಅಲ್ಲಿನ ಜೀವಿಗಳು ಬೇಗನೆ ಮುಗಿಯುತ್ತವೆ. ಬೆಳ್ಳಗಾದ ಮರಳನ್ನು ಕಂಡು ಒಡೆಯ ಹಿಗ್ಗುತ್ತಿರುವಾಗ ಮೀನಿನ ಹೊಟ್ಟೆ ಒಳಸರಿದಿರುತ್ತದೆ. ದಿನವಿಡೀ ಬಾಯಾಡಿಸುತ್ತಲೇ ಅದು ಹಸಿವಿನಿಂದ ಸಾಯುತ್ತದೆ. ಸತ್ತರೆ ಮತ್ತೊಂದನ್ನು ಕೊಳ್ಳುತ್ತಾರೆ.

ಆದ್ದರಿಂದ ಮೊದಲ ಪ್ರಶ್ನೆ ಯಾವ ಗೋಬಿ ಎಂಬುದಲ್ಲ, ಗೋಬಿ ಬೇಕೇ ಎಂಬುದು. ತೊಟ್ಟಿ ವಿಶಾಲವಾಗಿದ್ದು, ಬಹುಕಾಲ ಹಳಗಿ, ಮರಳಿನಲ್ಲಿ ಜೀವ ತುಂಬಿರಬೇಕು. ಮರಳು ನುಣುಪಾಗಿರಬೇಕು, ಒರಟಾದರೆ ಬಾಯಿ, ಕಿವಿರುಗಳಿಗೆ ಗಾಯ. ಬಿಲ ತೋಡುವುದು ಇದರ ಸ್ವಭಾವವಾದ್ದರಿಂದ ಬಂಡೆಗಳು ಮರಳಿನ ಮೇಲಲ್ಲ, ತಳದ ಗಾಜಿನ ಮೇಲೆಯೇ ಭದ್ರವಾಗಿ ಕೂತಿರಬೇಕು. ಬೆದರಿದರೆ ಹೊರಕ್ಕೆ ಹಾರುವ ಕಾರಣ ಮೇಲೆ ಬಲೆ ಮುಚ್ಚಬೇಕು. ದಿನಕ್ಕೆ ಹಲವು ಬಾರಿ ತಳಕ್ಕೆ ಮುಟ್ಟುವಂತೆ ಆಹಾರ ಹಾಕಬೇಕು. ಒಂದೇ ಮೀನು, ಇಲ್ಲವೇ ಆಗಲೇ ಕೂಡಿದ ಜೋಡಿ ಸಾಕು. ಹಳದಿ ತಲೆಯ ಗೋಬಿಗಳು ಕಡಲಿನಲ್ಲಿ ಜೋಡಿಯಾಗಿಯೇ ಬಿಲ ಹಂಚಿಕೊಂಡು ಬಾಳುವಂಥವು. ಅಂಗಡಿಯಲ್ಲಿ ತಿನ್ನುವುದನ್ನು ಕಣ್ಣಾರೆ ಕಂಡ ಮೇಲೆಯೇ ಕೊಳ್ಳಬೇಕು. ಇಷ್ಟು ಸಾಧ್ಯವಿಲ್ಲದವರು ಮರಳನ್ನು ತಾವೇ ಸ್ವಲ್ಪ ಸ್ವಲ್ಪವಾಗಿ ತೊಳೆಯುವುದು ಲೇಸು.

ಈ ಮೀನುಗಳಲ್ಲಿ ಬಹುಪಾಲು ಸಾಕಿ ಬೆಳೆಸಿದವಲ್ಲ, ಕಡಲಿನಿಂದ ಹಿಡಿದು ತಂದವು. ಅಲಂಕಾರಿಕ ಮೀನು ಹಿಡಿಯಲು ಹವಳದ ಸಂದುಗಳಿಗೆ ಸಯನೈಡ್ ಚಿಮ್ಮಿಸುವ ಕ್ರಮ 1960ರ ದಶಕದಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಶುರುವಾಯಿತು. ಅಮಲೇರಿದ ಮೀನು ಕೈಗೆ ಸಿಗುತ್ತದೆ, ಹವಳ ಸಾಯುತ್ತದೆ. ಹೇಗೆ ಹಿಡಿದದ್ದೆಂದು ಕೇಳದೆ ಕೊಳ್ಳುವವನೂ ಆ ವಿಷದಲ್ಲಿ ಪಾಲುದಾರನೇ.

ಇನ್ನು ನಮ್ಮ ಸಂಬಂಧ. ‘ಮಿಸ್ ಕೇರಳ’ ಎಂದು ಲೋಕವೆಲ್ಲ ಕರೆಯುವ ಕೆಂಪು ಗೆರೆಯ ಮೀನು ಪಶ್ಚಿಮ ಘಟ್ಟದ ಹೊಳೆಗಳದ್ದು. ಕೊಡಗಿನಲ್ಲಿ ಹುಟ್ಟುವ ಚಂದ್ರಗಿರಿ ನದಿ ಅದರ ನೆಲೆಗಳಲ್ಲೊಂದು. ಪರದೇಶದ ತೊಟ್ಟಿಗಳಿಗಾಗಿ ಅದನ್ನು ಎಷ್ಟು ಹಿಡಿದರೆಂದರೆ 2008ರಲ್ಲಿ ಕೇರಳ ಸರ್ಕಾರ ನಿರ್ಬಂಧ ಹೇರಬೇಕಾಯಿತು. ಇಂದು ಅದು ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯದಂಚಿನ ಜೀವಿ. ನಮ್ಮ ಹೊಳೆಗೆ ಬಂದ ಕಷ್ಟವನ್ನು ಬಲ್ಲ ನಾವು ಇನ್ನೊಬ್ಬರ ಕಡಲಿನ ಕಷ್ಟಕ್ಕೆ ಕುರುಡಾಗಬಾರದು.

ವಿದ್ಯಾರ್ಥಿ ಮಿತ್ರರೇ, ನಾಳೆ ನೀವು ನಗರ ಸೇರಿ ಇಂಥ ತೊಟ್ಟಿಯೆದುರು ನಿಂತಾಗ ಮರಳು ಎಷ್ಟು ಬೆಳ್ಳಗಿದೆ ಎಂದು ನೋಡಬೇಡಿ. ಮೀನಿನ ಹೊಟ್ಟೆ ತುಂಬಿದೆಯೇ ಎಂದು ನೋಡಿ.