ತೆಂಗಿನ ತಿರುಳಿಗೆ ಲಾರಿ ಲೆಕ್ಕವೇ ಸಾಕೆ?

ತೆಂಗಿನ ಸಿಪ್ಪೆಯಿಂದ ನಾರನ್ನು ಬೇರ್ಪಡಿಸುವಾಗ ಉದುರುವ ಕಂದು ತಿರುಳು ಬಹುಕಾಲ ನಾರಿನ ಕಾರ್ಖಾನೆಗಳ ಹಿತ್ತಲಿನ ಕಸವಾಗಿತ್ತು. ಸಿಪ್ಪೆಯ ತೂಕದಲ್ಲಿ ಸುಮಾರು ಮೂರನೆಯ ಎರಡು ಪಾಲು ಈ ತಿರುಳೇ. ರಾಶಿಗೆ ಬೇಸಿಗೆಯಲ್ಲಿ ಬೆಂಕಿ ಹತ್ತುವುದಾಗಲಿ, ಮಳೆಗಾಲದಲ್ಲಿ ಅದರ ಒಗರುನೀರು ಬಾವಿಗಿಳಿಯುವುದಾಗಲಿ ತೆಂಗು ಸೀಮೆಯವರಿಗೆ ಹೊಸತಲ್ಲ. ಅದೇ ವಸ್ತು ಇಂದು ಕೋಕೋಪೀಟ್ ಎಂಬ ಹೆಸರಿನಿಂದ ಭಾರತದ ತೆಂಗುನಾರು ಉತ್ಪನ್ನಗಳ ರಫ್ತಿನಲ್ಲಿ ಮೊದಲ ಸ್ಥಾನ ಪಡೆದಿದೆ. ಸ್ಪಂಜಿನಂತಿರುವ ಈ ತಿರುಳು ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುತ್ತದೆ. ಒತ್ತಿ ಕಟ್ಟಿದ 5 ಕಿಲೋ ಇಟ್ಟಿಗೆಯೊಂದು ನೆನೆದರೆ ಸುಮಾರು 70 ಲೀಟರಿನಷ್ಟು ಹಿಗ್ಗುತ್ತದೆ.

ಈ ವ್ಯಾಪಾರಕ್ಕೆ ಉತ್ತರ ಬೆಂಗಳೂರಿನಷ್ಟು ಅನುಕೂಲವಾದ ತಾಣ ವಿರಳ. ತಿಪಟೂರು, ಅರಸೀಕೆರೆಗಳ ಕಡೆಯಿಂದ ಬರುವ ಸರಕಿಗೆ ಯಶವಂತಪುರ ಹೆಬ್ಬಾಗಿಲು. ಪಕ್ಕದ ಪೀಣ್ಯದಲ್ಲಿ ತೆಂಗುನಾರು ಮಂಡಳಿಯ ಕೇಂದ್ರೀಯ ತಂತ್ರಜ್ಞಾನ ಸಂಸ್ಥೆಯಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಸಸಿ ಬೆಳೆಸಲೆಂದೇ ಹುದುಗಿಸಿದ 'ಅರ್ಕ' ಕೋಕೋಪೀಟ್ ತಂತ್ರಜ್ಞಾನವನ್ನು ರೂಪಿಸಿದೆ. ಯಲಹಂಕದಿಂದ ದೊಡ್ಡಬಳ್ಳಾಪುರದವರೆಗಿನ ನರ್ಸರಿಗಳೂ ಪಾಲಿಹೌಸುಗಳೂ ಕೈಯಳತೆಯಲ್ಲಿರುವ ಗಿರಾಕಿಗಳು. ಇಷ್ಟಿದ್ದೂ ತಿರುಳಿನ ಬಹುಪಾಲು ಸ್ಥಳೀಯ ವಹಿವಾಟು ಇನ್ನೂ ಚೀಲ ಮತ್ತು ಲಾರಿ ಲೆಕ್ಕದಲ್ಲೇ ನಡೆಯುತ್ತಿರುವುದು ವಿಷಾದದ ಸಂಗತಿ.

ತೊಡಕಿರುವುದು ಉಪ್ಪಿನಲ್ಲಿ. ಹಸಿ ತಿರುಳಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಹೇರಳ. ಕರಾವಳಿಯ ಹಿನ್ನೀರಿನಲ್ಲಿ ಕೊಳೆಸಿದ ಸಿಪ್ಪೆಯದಾದರೆ ಇನ್ನೂ ಹೆಚ್ಚು. ಬಯಲುಸೀಮೆಯ ಸಿಪ್ಪೆಗೆ ಹಿನ್ನೀರಿನ ಉಪ್ಪು ತಗಲುವುದಿಲ್ಲವೆಂಬುದು ನಿಜ, ಆದರೆ ಅಷ್ಟರಿಂದಲೇ ತೊಳೆಯುವ ಕೆಲಸ ತಪ್ಪುವುದಿಲ್ಲ. ತೊಳೆಯದ ತಿರುಳಿನಲ್ಲಿ ಬಿತ್ತಿದ ಟೊಮೇಟೊ, ದಪ್ಪ ಮೆಣಸಿನಕಾಯಿ ಸಸಿಗಳ ಎಲೆಯಂಚು ಸುಟ್ಟು ಬೇರು ಕುಂಠಿತವಾದಾಗ ನಷ್ಟವೆಲ್ಲ ನರ್ಸರಿಯವನ ಪಾಲು. ಮಾರಿದವನ ಬಿಲ್ಲಿನಲ್ಲಿ ತೂಕವಲ್ಲದೆ ಬೇರೇನೂ ಬರೆದಿರುವುದಿಲ್ಲ. ಆತನನ್ನು ಯಾವ ಆಧಾರದ ಮೇಲೆ ಪ್ರಶ್ನಿಸುವುದು? ಹೊರದೇಶದ ಗಿರಾಕಿಯಾದರೋ ವಿದ್ಯುದ್ವಾಹಕತೆ ಸೆಂಟಿಮೀಟರಿಗೆ 0.5 ಮಿಲಿಸೀಮನ್ಸ್ ಮೀರದಿರಲೆಂದು ಮೊದಲೇ ಕರಾರು ಬರೆಸಿಕೊಳ್ಳುತ್ತಾನೆ. ಪೊಳ್ಳಾಚಿಯ ಉದ್ದಿಮೆದಾರರು ಈ ಅಂಕಿಗೆ ಒಗ್ಗಿಕೊಂಡೇ ಹೊರದೇಶದ ಮಾರುಕಟ್ಟೆಯನ್ನು ಹಿಡಿದರು.

ಅಳೆಯುವ ಉಪಕರಣವೇನೂ ದುಬಾರಿಯದಲ್ಲ. ಅಂಗೈಯಗಲದ ಮೀಟರೊಂದು ಸಾಕು. ಲವಣಾಂಶ, ತೇವಾಂಶ, ತೊಳೆದದ್ದೋ ಅಲ್ಲವೋ ಎಂಬ ಮೂರು ವಿವರಗಳು ಪ್ರತಿ ಬಿಲ್ಲಿನಲ್ಲೂ ನಮೂದಾಗಬೇಕು. ಸರ್ಕಾರದ ಆದೇಶಕ್ಕೆ ಕಾಯದೆ ವರ್ತಕರ ಸಂಘಗಳೇ ಇದನ್ನು ರೂಢಿಗೆ ತರಬಹುದು. ತೊಳೆದ ಸರಕಿನ ಬೆಲೆ ಏರುವುದೆಂಬ ಆಕ್ಷೇಪ ಸಹಜವೇ, ಆದರೆ ಸತ್ತ ಸಸಿಯ ಬೆಲೆಯನ್ನು ಈಗಲೂ ಯಾರೋ ಒಬ್ಬರು ತೆರುತ್ತಲೇ ಇದ್ದಾರೆ.

ನೀರಿನ ಪ್ರಶ್ನೆ ಇದಕ್ಕಿಂತ ಕಠಿಣ. ಕೊಳವೆಬಾವಿಗಳು ಬತ್ತುತ್ತಿರುವ ಸೀಮೆಯಲ್ಲಿ ತಿರುಳು ತೊಳೆಯಲು ಸಿಹಿನೀರು ಸುರಿದು, ಆ ಉಪ್ಪುನೀರನ್ನು ಪಕ್ಕದ ಹೊಲಕ್ಕೆ ಹರಿಸುವುದು ಸಲ್ಲದು. ಮಳೆನೀರನ್ನು ಕೊಳಗಳಲ್ಲಿ ಹಿಡಿದು ಅದರಲ್ಲೇ ತೊಳೆಯುವ ಏರ್ಪಾಡು, ಬಿಡುವ ನೀರಿಗೊಂದು ಪ್ರತ್ಯೇಕ ಗುಂಡಿ, ಇವೆರಡೂ ಘಟಕದ ಯೋಜನಾ ವರದಿಯಲ್ಲಿದ್ದರೆ ಮಾತ್ರ ಬ್ಯಾಂಕುಗಳು ಸಾಲ ಮಂಜೂರು ಮಾಡುವುದು ಸೂಕ್ತ.