ಸೊಪ್ಪು ಮುರಿದ ದಿನದ ವಾಂತಿ ಬರೀ ಪಿತ್ತವಲ್ಲ

ಮಳೆಯಲ್ಲಿ ಹೊಗೆಸೊಪ್ಪು ಮುರಿದು ಬಂದವರಿಗೆ ಸಂಜೆ ತಲೆಸುತ್ತು, ವಾಂತಿ ಬಂದರೆ ಪಿತ್ತ ಅಂದುಕೊಂಡು ಸುಮ್ಮನಾಗಬೇಡಿ. ಸೊಪ್ಪಿನ ನಿಕೋಟಿನ್ ಚರ್ಮದಿಂದಲೇ ಮೈಗೆ ಇಳಿದಿರಬಹುದು. ಬೀಡಿ ಸಿಗರೇಟು ಮುಟ್ಟದವರಿಗೂ ಹೀಗಾಗುತ್ತದೆ.

ನಿಕೋಟಿನ್ ತಯಾರಾಗುವುದು ಗಿಡದ ಬೇರಿನಲ್ಲಿ. ಅಲ್ಲಿಂದ ಎಲೆಗೆ ಏರುತ್ತದೆ. ಇಂಗಾಲದ ಉಂಗುರದಲ್ಲಿ ಸಾರಜನಕ ಸೇರಿದ ಈ ವಿಷವನ್ನು ಗಿಡ ಮಾಡಿಕೊಳ್ಳುವುದು ಹುಳ ತನ್ನನ್ನು ತಿನ್ನದಿರಲಿ ಎಂದು. 1904ರಲ್ಲಿ ಅಮೆ ಪಿಕ್ಟೆ ಎಂಬ ವಿಜ್ಞಾನಿ ಇದನ್ನು ಪ್ರಯೋಗಾಲಯದಲ್ಲೂ ತಯಾರಿಸಿದರು. ಗಿಡದ ಹೇನಿಗೆ ಹೊಡೆಯುವ ಇಮಿಡಾಕ್ಲೋಪ್ರಿಡ್ ಕಾರ್ಖಾನೆಯಲ್ಲಿ ತಯಾರಾಗುವ ಇದರದೇ ದಾಯಾದಿ. ಎರಡೂ ಹುಳದ ನರದಲ್ಲಿ ಹಿಡಿಯುವುದು ಒಂದೇ ಜಾಗವನ್ನು.

ಆ ಔಷಧಿ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟುತ್ತೇವೆ. ಸೊಪ್ಪು ಮುರಿಯಲು ಮಾತ್ರ ಬರಿಗೈಯಲ್ಲಿ ಇಳಿಯುತ್ತೇವೆ. ನಿಕೋಟಿನ್ ನೀರಿನಲ್ಲಿ ಕರಗುತ್ತದೆ, ಆದ್ದರಿಂದ ಒದ್ದೆ ಸೊಪ್ಪೇ ಹೆಚ್ಚು ಅಪಾಯ.

ಇಬ್ಬನಿ ಆರಿದ ಮೇಲೆ ಮುರಿಯಿರಿ. ಗ್ಲೌಸ್, ತುಂಬುತೋಳಿನ ಅಂಗಿ ಹಾಕಿ. ಒದ್ದೆ ಬಟ್ಟೆ ಬದಲಿಸಿ, ಸೋಪು ಹಚ್ಚಿ ತೊಳೆದುಕೊಳ್ಳಿ. ಮಕ್ಕಳು, ಬಸುರಿಯರನ್ನು ಈ ಕೆಲಸಕ್ಕೆ ಕರೆಯಲೇಬೇಡಿ. ಕೂಲಿಯವರಿಗೆ ಗ್ಲೌಸ್ ಕೊಡುವುದು ಹೊಲದ ಯಜಮಾನರ ಹೊಣೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಬೆಳೆಗಾರರಿಗೆ ಗೊಬ್ಬರ ಒದಗಿಸುವ ತಂಬಾಕು ಮಂಡಳಿ ಅದರ ಜೊತೆಗೇ ಗ್ಲೌಸನ್ನೂ ಕೊಡಲಿ. ಸೊಪ್ಪಿಗೆ ಗ್ರೇಡ್ ಕಟ್ಟುವವರು ಮುರಿದ ಕೈಯನ್ನೂ ನೋಡಬೇಕು.